ಒಬ್ಬನೇ ಕೂತ ಪರೀಕ್ಷೆಯಲ್ಲಿ ಎರಡನೆಯವ

ಪೆಟ್ಟಿಗೆ ಬಂದ ದಿನ ಜಾಗೀರದಾರರ ಹವೇಲಿಯ ಅಂಗಳದಲ್ಲಿ ಬ್ಯಾಂಡಿನ ಹದಿನೆಂಟು ಮಂದಿಯೂ ಸುತ್ತುಗಟ್ಟಿ ನಿಂತಿದ್ದರು. ಮುಂಬೈಯಿಂದ ಗಾಣಗಾಪುರ ರೋಡ್ ಸ್ಟೇಶನ್ನಿನ ತನಕ ರೈಲಿನಲ್ಲಿ, ಅಲ್ಲಿಂದ ಅಫಜಲಪುರದ ಕಡೆಗೆ ಚಕ್ಕಡಿಯಲ್ಲಿ ಕುಲುಕುತ್ತ ಬಂದ ಪೆಟ್ಟಿಗೆ. ಮುಚ್ಚಳ ತೆರೆದರೆ ಕೆಂಪು ಮಖಮಲ್ಲಿನ ಮೇಲೆ ನಾಲ್ಕು ತುಂಡು ಕಟ್ಟಿಗೆ, ಅವುಗಳ ಮೈತುಂಬ ಬೆಳ್ಳಿ ಬಣ್ಣದ ಕೀಲಿಗಳು, ಕೊಕ್ಕರೆಯ ಕತ್ತಿನಂತೆ ಬಾಗಿದ ಒಂದು ಲೋಹದ ಕೊಳವೆ. ಬ್ಯಾಂಡ್ ಮಾಸ್ತರ ಗೌಸಮೊಹಿದ್ದೀನ ಅವನ್ನೆಲ್ಲ ಒಂದಕ್ಕೊಂದು ಸಿಕ್ಕಿಸಿ ನಿಲ್ಲಿಸಿದಾಗ ಅದು ಮನುಷ್ಯನ ಎದೆಯ ತನಕ ಬಂತು.

“ಇದಕ್ಕ ಬಸೂನ್ ಅಂತಾರ,” ಎಂದ ಮಾಸ್ತರ.

“ಅನ್ಲಿ ಬಿಡ್ರಿ. ನೋಡಾಕ ಹುಕ್ಕಾ ಇದ್ದಂಗ ಅದ,” ಎಂದ ಮಲ್ಕಪ್ಪ. “ತಂಬಾಕ ಎಲ್ಲಿ ಇಡಬೇಕು, ಅಷ್ಟ ಹೇಳ್ರಿ.”

ಎಲ್ಲರೂ ನಕ್ಕರು. ಮಾಸ್ತರ ನಗಲಿಲ್ಲ. ಪೆಟ್ಟಿಗೆಯ ಮೂಲೆಯಿಂದ ಬೆರಳುದ್ದದ ಒಂದು ಕಡ್ಡಿ ತೆಗೆದು ಮಲ್ಕಪ್ಪನ ಅಂಗೈಯಲ್ಲಿಟ್ಟ. ಬೆತ್ತದ ಎರಡು ತೆಳ್ಳನೆಯ ಸೀಳುಗಳನ್ನು ಮುಖಕ್ಕೆ ಮುಖ ಹಚ್ಚಿ ದಾರ ಸುತ್ತಿದ ನಾಲಿಗೆ ಅದು. ಸನಾಯಿಯ ನಾಲಿಗೆಯ ಅಣ್ಣನಂತೆ ಇತ್ತು. “ಈ ಬ್ಯಾಂಡಿನಾಗ ಇದನ್ನ ತುಟಿಗಿ ಹಿಡದಾವ ನೀ ಒಬ್ಬಾವ ಇದ್ದಿ, ಮಿಯಾ,” ಎಂದ ಮಾಸ್ತರ. “ತಂಬಾಕ ನೀನ ಹುಡುಕ್ಕೋ.”

ಅದು ಸಾವಿರದ ಒಂಬೈನೂರ ಮೂವತ್ತಾರು. ಜಾಗೀರದಾರರಿಗೆ ಸಂಗೀತದ ಹುಚ್ಚೇನೂ ಇರಲಿಲ್ಲ. ಹೈದರಾಬಾದಿನಲ್ಲಿ ತಮಗಿಂತ ಸಣ್ಣ ಜಾಗೀರಿನವರೊಬ್ಬರು ಬ್ಯಾಂಡ್ ಇಟ್ಟುಕೊಂಡದ್ದು ಅವರ ಕಣ್ಣಿಗೆ ಕಸವಾಗಿತ್ತು, ಅಷ್ಟೇ. ಮುಂಬೈಯ ಅಂಗಡಿಯವನ ಪಟ್ಟಿಯಲ್ಲಿ ಪೂರ್ತಿ ಬ್ಯಾಂಡ್ ಎಂದು ಏನೇನು ಬರೆದಿತ್ತೋ ಅದೆಲ್ಲವನ್ನೂ ತರಿಸಿದರು. ಬಸೂನ್ ಎಂದರೆ ಊದುವುದೋ ಬಡಿಯುವುದೋ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಗೌಸಮೊಹಿದ್ದೀನ ಒಬ್ಬನೇ. ಸಿಕಂದರಾಬಾದಿನ ದಂಡಿನ ಬ್ಯಾಂಡಿನಲ್ಲಿ ಇಪ್ಪತ್ತು ವರ್ಷ ಸವೆದು, ಹಲ್ಲು ಉದುರಿ ಊದಲಾಗದೆ ಮಾಸ್ತರನಾಗಿ ಬಂದವನು.

ಮಲ್ಕಪ್ಪ ಆಳಂದದ ಕಡೆಯ ಮಟಕಿಯವನು. ಊರ ಹೊರಗಿನ ಕೇರಿ. ಅಪ್ಪ ಪೀರಪ್ಪ ಸನಾಯಿ ಊದುತ್ತಿದ್ದ, ಅವನ ಅಪ್ಪನೂ ಊದುತ್ತಿದ್ದ. ಊರಿನ ಮದುವೆಗಳಿಗೆ ಆ ಮನೆತನದ ಉಸಿರು ಬೇಕಾಗಿತ್ತು, ಚಪ್ಪರದೊಳಗೆ ಅವರ ನೆರಳು ಬೇಡವಾಗಿತ್ತು. ಮಲ್ಕಪ್ಪ ಇದನ್ನು ಕಣ್ಣು ಬಿಟ್ಟಾಗಿನಿಂದ ನೋಡಿ ನೋಡಿ, ಅಳುವುದರ ಬದಲು ನಗುವುದನ್ನು ರೂಢಿಸಿಕೊಂಡಿದ್ದ. ಆ ನಗು ಚೆಂದದ್ದಲ್ಲ. ತುಟಿಯ ಒಂದೇ ಮೂಲೆಯಿಂದ ಹೊರಬೀಳುತ್ತಿತ್ತು. ಹವೇಲಿಯ ಕೆಂಪು ಕೋಟು ತೊಡಿಸಿದ ದಿನ ಕೂಡ ಅವನು ತೋಳುಗಳನ್ನು ತಿರುಗಿಸಿ ನೋಡಿ, “ಬಸವಣ್ಣಗ ಝೂಲಾ ಹೊಚ್ಚಿದಂಗಾತು” ಎಂದಿದ್ದ.

ಬಸೂನು ಮೊದಲ ತಿಂಗಳು ಎಮ್ಮೆಯ ಕರುವಿನಂತೆ ಒದರಿತು. ಹವೇಲಿಯ ಅಡಿಗೆಯವಳು ಮದೀನಾಬಿ ಸೌಟು ಹಿಡಿದು ಹೊರಗೆ ಬಂದು, “ಯಾಕೋ ಅದರ ಕೊಳ್ಳ ಹಿಚಕಾಕತ್ತಿ, ಸಾಯಲಿ ಬಿಡು” ಎಂದು ಬೈದು ಹೋಗುತ್ತಿದ್ದಳು. ಎರಡನೆಯ ತಿಂಗಳಿಗೆ ಪೆಟ್ಟಿಗೆಯೊಂದಿಗೆ ಬಂದ ಆರು ನಾಲಿಗೆಗಳೂ ನಮ್ಮ ಬಿಸಿಲಿಗೆ ಸೀಳಿ ಹೋದವು. ಮಾಸ್ತರ ತಲೆಯ ಮೇಲೆ ಕೈ ಹೊತ್ತು ಕೂತ. ಮಲ್ಕಪ್ಪ ಭೀಮೆಯ ದಂಡೆಗೆ ಹೋಗಿ ಜೊಂಡಿನಂಥ ಲಾಳದ ಕಡ್ಡಿ ಕೊಯ್ದು ತಂದ, ನೆರಳಲ್ಲಿ ಒಣಗಿಸಿದ, ಚಾಕುವಿನಿಂದ ಹೆರೆದ, ನೀರಲ್ಲಿ ನೆನೆಸಿದ, ಮತ್ತೆ ಹೆರೆದ. ಹದಿನಾಲ್ಕು ಕೆಟ್ಟವು. ಹದಿನೈದನೆಯದು ಊದಿದಾಗ ಬಸೂನಿನ ಹೊಟ್ಟೆಯೊಳಗಿಂದ ಮೊದಲ ಸಲ ಮನುಷ್ಯನ ದನಿಯಂಥ ದನಿ ಬಂತು. ಮಾಸ್ತರ ಅವನ ಬೆನ್ನ ಮೇಲೆ ಕೈಯಿಟ್ಟ. ಮುಟ್ಟಿದ ಕೈಯನ್ನು ತೊಳೆದುಕೊಳ್ಳಲಿಲ್ಲ ಎಂಬುದನ್ನು ಮಲ್ಕಪ್ಪ ಓರೆಗಣ್ಣಿನಿಂದ ಗಮನಿಸಿದ.

ಎರಡು ವರ್ಷದಲ್ಲಿ ಅವನು ಬ್ಯಾಂಡಿನ ಹಾಳೆಯ ಮೇಲಿನ ಚುಕ್ಕೆಗಳನ್ನು ಓದತೊಡಗಿದ. ಕನ್ನಡದಲ್ಲಿ ತನ್ನ ಹೆಸರು ಬರೆಯಲು ಬಾರದವನು ಐದು ಗೆರೆಯ ಮೇಲೆ ಇರುವೆಯಂತೆ ಹರಿದ ವಿಲಾಯತಿ ಸ್ವರಗಳನ್ನು ಗಡಗಡ ಊದಿಬಿಡುತ್ತಿದ್ದ.

ಇಂಥದರಲ್ಲಿ ಛೋಟೆ ಸಾಹೇಬ ಪ್ಯಾರಿಸ್ ಕಂಡು ಬಂದ. ಜಾಗೀರದಾರರ ಮಗ. ಇಪ್ಪತ್ತಾರರ ವಯಸ್ಸು, ತೆಳು ಮೀಸೆ, ಬಂದ ದಿನದಿಂದ ಎಲ್ಲದಕ್ಕೂ ಮೂಗು ಮುರಿಯುವ ಹೊಸ ಚಟ. ಅಲ್ಲಿ ಅವನು ಏನೇನು ನೋಡಿದನೋ ಯಾರಿಗೆ ಗೊತ್ತು. ಹೇಳಿಕೊಂಡದ್ದು ಮಾತ್ರ ಸಂಗೀತದ ದೊಡ್ಡ ಶಾಲೆಯೊಂದರ ಪರೀಕ್ಷೆಯನ್ನು. ಅಲ್ಲಿ ವರ್ಷಕ್ಕೊಮ್ಮೆ ಒಂದೊಂದು ವಾದ್ಯಕ್ಕೂ ಹೊಸದಾಗಿ ಒಂದೊಂದು ಚೀಜು ಬರೆಸುತ್ತಾರಂತೆ. ಹುಡುಗರೆಲ್ಲ ಅದನ್ನೇ ನುಡಿಸಬೇಕಂತೆ. ಗಡ್ಡದ ಪಂಡಿತರು ಸಾಲಾಗಿ ಕೂತು ನಂಬರು ಹಾಕುತ್ತಾರಂತೆ.

“ನಮ್ಮ ಬ್ಯಾಂಡಿಗೂ ಅಂಥಾ ಇಮ್ತಿಹಾನ್ ಆಗಬೇಕು,” ಎಂದು ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಸಾರಿದ. “ಅವ್ವಲ್ ಬಂದವನು ನಾಯಬ ಮಾಸ್ತರ, ಮಾಸ್ತರನ ನಂತರದವನು. ಬ್ಯಾಂಡಿನ ಮುಂದೆ ಕೋಲು ಹಿಡಿದು ನಡೆಯುವವನು,” ಎಂದು ಅಲ್ಲಿಂದ ತಂದ ಪುಸ್ತಕವನ್ನು ಮಾಸ್ತರನ ಕೈಗಿತ್ತ. ನೀಲಿ ರಟ್ಟು, ಮೇಲೆ ಹೂಬಳ್ಳಿ.

ಗೌಸಮೊಹಿದ್ದೀನ ಪುಸ್ತಕ ತಿರುವಿ ಹಾಕಿದ. ಕೆಮ್ಮಿದ. ಮತ್ತೊಮ್ಮೆ ತಿರುವಿದ. “ಹುಜೂರ್, ಇದು ಎಲ್ಲಾ ವಾದ್ಯಕ್ಕ ಅಲ್ಲರಿ. ಬಸೂನಿಗಷ್ಟ ಅದ. ಬಸೂನು, ಮತ್ತ ಪಿಯಾನೊ.”

ಛೋಟೆ ಸಾಹೇಬ ರಟ್ಟಿನ ಚೆಂದ ನೋಡಿ ಕೊಂಡಿದ್ದ. ಅದನ್ನು ಒಪ್ಪಿಕೊಳ್ಳುವ ಗುಂಡಿಗೆ ಇರಲಿಲ್ಲ. “ಗೊತ್ತಿದೆ,” ಎಂದ. “ಈ ವರ್ಷ ಬಸೂನಿನ ಇಮ್ತಿಹಾನ್.”

ಹವೇಲಿಗೆ ಇದ್ದದ್ದು ಒಂದೇ ಬಸೂನು. ಅದನ್ನು ಊದುವವನೂ ಒಬ್ಬನೇ.

“ಅಂದ್ರ ನಾ ಅವ್ವಲ್ ಬಂದಂಗ ಆತಲ್ರಿ,” ಎಂದ ಮಲ್ಕಪ್ಪ ಹಿಂದಿನ ಸಾಲಿನಿಂದ. ಮಾಸ್ತರ ಅವನ ಕಾಲು ತುಳಿದ.

ಪಿಯಾನೊ ಜನಾನಾದ ಪಡಸಾಲೆಯಲ್ಲಿತ್ತು. ಒಳಗೆ ಗಂಡಸರು ಕಾಲಿಡುವಂತಿಲ್ಲ. ಅದನ್ನು ನುಡಿಸುತ್ತಿದ್ದವಳು ಜಾಗೀರದಾರರ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಬಂದ ಕಸ್ತೂರಿಬಾಯಿ, ಜೇವರ್ಗಿಯ ಲಿಂಗವಂತರ ಮನೆಯವಳು. ಸಣ್ಣವಳಿರುವಾಗಲೇ ಗಂಡನನ್ನು ಕಳೆದುಕೊಂಡು, ಮೂಲೆ ಹಿಡಿಯುವ ಬದಲು ಸೊಲ್ಲಾಪುರದ ಮಿಶನ್ ಶಾಲೆಯಲ್ಲಿ ಓದಿ, ಅಲ್ಲಿಯ ಮೇಡಮ್ಮನಿಂದ ಪಿಯಾನೊ ಕಲಿತವಳು. ಹೀಗಾಗಿ ಬಿದಿರಿನ ಚಿಕ್ಕಿನ ಪರದೆಯ ಆಚೆ ಕಸ್ತೂರಿಬಾಯಿ, ಈಚೆ ಜಗುಲಿಯಲ್ಲಿ ಬಸೂನು ಹಿಡಿದ ಮಲ್ಕಪ್ಪ. ಪರದೆಯ ಸಂದಿಯಲ್ಲಿ ಒಬ್ಬರಿಗೆ ಇನ್ನೊಬ್ಬರು ಕಾಣುತ್ತಿರಲಿಲ್ಲ, ಕೇಳುತ್ತಿದ್ದರು.

“ಸುರು ಮಾಡೂಣೇನ್ರಿ?” ಎಂದಳು ಅವಳು ಮೊದಲ ದಿನ.

ತನಗೆ ‘ರಿ’ ಹಚ್ಚಿ ಮಾತಾಡಿದ ಮೇಲ್ಜಾತಿಯ ಮೊದಲ ದನಿ ಅದು. ಪರದೆ ಇದೆಯಲ್ಲ, ಯಾರೆಂದು ಗೊತ್ತಿಲ್ಲ ಪಾಪ, ಗೊತ್ತಾದರೆ ‘ರಿ’ ತಾನಾಗಿ ಉದುರುತ್ತದೆ ಎಂದು ಮಲ್ಕಪ್ಪ ಒಳಗೇ ನಕ್ಕ. “ಮಾಡ್ರಿ ಅಕ್ಕಾವ್ರ. ಪಿಯಾನೊದಾಗ ಇಲಿ ಇದ್ರ ಮೊದಲ ಓಡಸ್ರಿ,” ಎಂದ.

ಇಲಿ ನಿಜಕ್ಕೂ ಇತ್ತು. ಓಡಿಸಿದರು.

ನಾಲ್ಕು ತಿಂಗಳು ಅಭ್ಯಾಸ ನಡೆಯಿತು. ಚೀಜಿನ ಒಳಗೆ ಇಳಿದಂತೆಲ್ಲ ಮಲ್ಕಪ್ಪನಿಗೆ ಅದರ ಮೇಲೆ ತಿರಸ್ಕಾರ ಹೆಚ್ಚಿತು. ಮೊದಲಿಗೆ ಒಂದು ನಿಧಾನದ ರಾಗ, ಉಸಿರು ಎಷ್ಟು ಉದ್ದ ಇದೆ ಎಂದು ಅಳೆಯಲು. ಆಮೇಲೆ ಪಾತಾಳದ ಸ್ವರದಿಂದ ಮಾಳಿಗೆಯ ಸ್ವರಕ್ಕೆ ಒಂದೇ ನೆಗೆತ, ತುಟಿ ಒಡೆಯುತ್ತದೋ ಇಲ್ಲವೋ ನೋಡಲು. ಆಮೇಲೆ ಪಿಯಾನೊ ಸುಮ್ಮನಾಗಿ, ಊದುವವನೊಬ್ಬನೇ ಕಸರತ್ತು ತೋರಿಸುವ ಜಾಗ. ಕೊನೆಗೆ ನಾಯಿ ಬೆನ್ನು ಹತ್ತಿದಂತೆ ಓಟ. ಒಂದೊಂದು ಸಾಲಿನ ಹಿಂದೂ ಒಬ್ಬ ಸಂಶಯದ ಮುದುಕ ಕೂತು, ಇದು ಬರ್ತದೇನಲೇ ನಿನಗ, ಇದು ಬರ್ತದೇನು, ಎಂದು ಕೇಳುತ್ತಿರುವಂತೆ ಅವನಿಗೆ ಅನ್ನಿಸುತ್ತಿತ್ತು.

“ಅಕ್ಕಾವ್ರ, ಲಗ್ನಕ್ಕ ಹಾಡು ಮಾಡೋರನ್ನ ನೋಡೇನಿ. ಸತ್ತಾಗ ಹಾಡು ಮಾಡೋರನ್ನ ನೋಡೇನಿ. ಮಂದೀನ ನಪಾಸ ಮಾಡ್ಲಿಕ್ಕಂತ ಹಾಡು ಮಾಡೋರು ಅದಾರಂತ ಈಗ ಗೊತ್ತಾತು.”

“ಪಾಸ್ ಮಾಡ್ಲಿಕ್ಕಂತಾನೂ ಅನ್ಬಹುದಲ್ರಿ.”

“ನೀವು ಸಾಲಿ ಕಲತೋರು. ನಿಮಗ ಹಂಗ ಕಾಣ್ತದ.”

ಒಮ್ಮೆ ಛೋಟೆ ಸಾಹೇಬ ಅಭ್ಯಾಸ ನೋಡಲು ಬಂದು, ಹಾಳೆಯ ಮೇಲಿನ ಒಂದು ಶಬ್ದಕ್ಕೆ ಬೆರಳಿಟ್ಟು, “ಇಲ್ಲಿ ಮೀಠಾ ಎಂದು ಬರೆದಿದೆ. ನಿನ್ನದು ಮೀಠಾ ಆಗುತ್ತಿಲ್ಲ,” ಎಂದ.

“ಕಡ್ಡಿಗಿ ಬೆಲ್ಲ ಹಚ್ಚಲೇನ್ರಿ?”

ಪರದೆಯ ಹಿಂದೆ ಪಿಯಾನೊದ ನಾಲ್ಕಾರು ಮನೆಗಳು ಒಮ್ಮೆಗೇ ಅಡ್ಡಾದಿಡ್ಡಿ ನುಡಿದವು. ಕಸ್ತೂರಿಬಾಯಿ ನಗು ತಡೆಯಲು ಅದರ ಮೇಲೆ ಒರಗಿದ್ದಳೆಂದು ಕಾಣುತ್ತದೆ. ಛೋಟೆ ಸಾಹೇಬ ಅದೂ ಚೀಜಿನ ಭಾಗವೆಂದು ತಿಳಿದು ತಲೆದೂಗಿ ಹೋದ.

ಪರೀಕ್ಷೆ ಮೂವತ್ತೊಂಬತ್ತರ ಫೆಬ್ರವರಿಯ ಒಂದು ಮುಂಜಾನೆ ನಡೆಯಿತು. ಜಗುಲಿಯ ಮೇಲೆ ಮೂರು ಕುರ್ಚಿ. ಒಂದರಲ್ಲಿ ಛೋಟೆ ಸಾಹೇಬ. ಇನ್ನೊಂದರಲ್ಲಿ ಹವೇಲಿಯ ಹಕೀಮರು. ಊದುವುದು ಎದೆಗೂಡಿಗೆ ಸಂಬಂಧಪಟ್ಟದ್ದೆಂದು ಅವರನ್ನು ಕರೆಸಿದ್ದರು. ಮೂರನೆಯದರಲ್ಲಿ ಅಫಜಲಪುರದ ಚಂದ್ರಾಮಪ್ಪ ಸಾಹುಕಾರ. ಅವನು ಯಾಕಿದ್ದನೆಂದರೆ, ಅವನಿಲ್ಲದೆ ಆ ಸುತ್ತಿನಲ್ಲಿ ಯಾವುದೂ ಆಗುತ್ತಿರಲಿಲ್ಲ. ಕೊರಳಲ್ಲಿ ಲಿಂಗ, ಸಭೆಯಲ್ಲಿ ನಿಂತರೆ ಮನುಷ್ಯರೆಲ್ಲ ಒಂದೇ ಎಂಬ ಮಾತು, ಮನೆಯ ಬಾವಿಯ ಸುತ್ತ ಮುಳ್ಳಿನ ಬೇಲಿ.

ಕೆಂಪು ಕೋಟಿನಲ್ಲಿ ಮಲ್ಕಪ್ಪ ನಿಂತ. ಚಿಕ್ಕಿನ ಆಚೆ ಪಿಯಾನೊ ಸುರುವಾಯಿತು. ಎಂಟು ಎಣಿಸಿ ಅವನು ಸೇರಿಕೊಂಡ.

ತಾನು ಮೂದಲಿಸಿ ಮೂದಲಿಸಿ ಕಲಿತ ಚೀಜನ್ನು ಅವನು ಆ ದಿನ ಒಂದು ಚುಕ್ಕೆಯೂ ಬೀಳದಂತೆ ಊದಿದ. ನಿಧಾನದ ರಾಗದಲ್ಲಿ ಉಸಿರು ಎಲ್ಲಿ ತೆಗೆದುಕೊಂಡನೆಂದು ಮಾಸ್ತರನಿಗೂ ತಿಳಿಯಲಿಲ್ಲ. ನೆಗೆತದಲ್ಲಿ ತುಟಿ ಒಡೆಯಲಿಲ್ಲ. ಒಬ್ಬನೇ ಊದುವ ಜಾಗಕ್ಕೆ ಬಂದಾಗ ಬೆರಳುಗಳು ತಾವಾಗಿ ಓಡಿದವು. ಅಂಗಳದ ಅಂಚಿನಲ್ಲಿ ಮದೀನಾಬಿ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. ಕೊನೆಯ ಓಟದಲ್ಲಿ ಪಿಯಾನೊ ಒಂದು ಕೂದಲೆಳೆ ಹಿಂದೆ ಬಿತ್ತು. ಅವನು ಅದಕ್ಕಾಗಿ ಅಷ್ಟೇ ತಡೆದು, ಜೊತೆಗೂಡಿಸಿಕೊಂಡು, ಇಬ್ಬರೂ ಒಂದೇ ಪೆಟ್ಟಿಗೆ ಮುಗಿಸಿದರು. ಗೌಸಮೊಹಿದ್ದೀನ ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡ.

ಹಕೀಮರು ಎಚ್ಚರಾದರು. “ಫೇಫಡಾ ಮಜಬೂತ್ ಅದ,” ಎಂದು ಶ್ವಾಸಕೋಶಕ್ಕೆ ನಂಬರು ಹಾಕಿದರು.

ಮೂವರೂ ಜನಾನಾದ ಚಿಕ್ಕಿನ ಹತ್ತಿರಕ್ಕೆ ಕುರ್ಚಿ ಸರಿಸಿಕೊಂಡು ಗುಸುಗುಸು ಮಾತಾಡಿದರು. ಆಚೆ ಹೆಣ್ಣೊಬ್ಬಳು ಕೂತಿದ್ದಾಳೆ ಎಂಬುದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಅವರು ಅಂದದ್ದನ್ನೆಲ್ಲ ಕಸ್ತೂರಿಬಾಯಿ ಕೇಳಿಸಿಕೊಂಡಳು.

ಅರ್ಧ ತಾಸಿನ ಮೇಲೆ ಛೋಟೆ ಸಾಹೇಬ ಎದ್ದು ನಿಂತ. “ಪರೀಕ್ಷಕರ ಫೈಸಲಾ,” ಎಂದ. “ಮಟಕಿಯ ಮಲ್ಕಪ್ಪ, ದೋಯಮ್. ಎರಡನೆಯ ನಂಬರು.” ತಾಮ್ರದ ಒಂದು ಬಿಲ್ಲೆಯನ್ನು ಮೇಲಿನಿಂದಲೇ ಅವನ ಅಂಗೈಗೆ ಬಿಟ್ಟ.

ಮಲ್ಕಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಬೆನ್ನ ಹಿಂದೆ ತಿರುಗಿ ನೋಡಿದ. “ಅವ್ವಲ್ ಬಂದಾವ ಯಾರ್ರಿ, ಹುಜೂರ್? ಕಾಣವಲ್ನಲ್ಲ.”

“ಅವ್ವಲ್ ಈ ವರ್ಷ ಯಾರೂ ಇಲ್ಲ. ಪ್ಯಾರಿಸ್ಸಿನಲ್ಲಿ ಹಾಗೇ ಮಾಡುತ್ತಾರೆ. ಲಾಯಕ್ಕಿನವರು ಸಿಗದಿದ್ದರೆ ಅವ್ವಲ್ ಖಾಲಿ ಬಿಡುತ್ತಾರೆ.”

“ಖಾಲಿ,” ಎಂದ ಮಲ್ಕಪ್ಪ. ಬಿಲ್ಲೆಯನ್ನು ಕಚ್ಚಿ ನೋಡಿ ಕೋಟಿನ ಕಿಸೆಗೆ ಹಾಕಿದ.

ಸಂಜೆ ಬಸೂನು ಒರೆಸಲು ಜಗುಲಿಗೆ ಬಂದಾಗ ಪರದೆಯ ಆಚೆಯಿಂದ ಕಸ್ತೂರಿಬಾಯಿ ಕರೆದಳು. “ಮಲ್ಕಪ್ಪನವರ, ನಿಮಗೊಂದು ಹೇಳ್ಬೇಕು. ಹೇಳಲಿಲ್ಲಂದ್ರ ನನಗ ಊಟ ಸೇರಂಗಿಲ್ಲ.”

“ಹೇಳ್ರಿ. ಹೊಟ್ಟಿ ಖಾಲಿ ಇಟ್ಗೋಬ್ಯಾಡ್ರಿ, ಇವತ್ತ ಖಾಲಿ ಭಾಳ ಆಗ್ಯಾವ.”

“ಚಂದ್ರಾಮಪ್ಪನವರು ಅಂದ್ರು, ಇವಗ ಅವ್ವಲ್ ಕೊಟ್ರ ನಾಯಬ ಆಗ್ತಾನ. ಕೋಲ ಹಿಡ್ಕೊಂಡು ಮುಂದ ನಡೀತಾನ. ನಮ್ಮನಿ ಲಗ್ನಕ್ಕ ಬಂದ್ರ ಕುರ್ಚಿ ಹಾಕ್ಬೇಕಾಗ್ತದ. ಕೇರಿಯಾವ್ನ ಹಿಂದ ನಮ್ಮ ವರ ನಡೀಬೇಕೇನು ಅಂದ್ರು. ಛೋಟೆ ಸಾಹೇಬ್ರಿಗಿ ಆಗ ಪ್ಯಾರಿಸ್ ನೆನಪಾತು.”

ಮಲ್ಕಪ್ಪ ಬಟ್ಟೆಯಿಂದ ಕೀಲಿಯೊಂದನ್ನು ಉಜ್ಜುತ್ತಲೇ ಇದ್ದ. ಇದು ಅವನಿಗೆ ಹೊಸ ಸಂಗತಿಯೇನಲ್ಲ. ಆದರೂ ಎದೆಯೊಳಗೆ ಎಲ್ಲೋ ಒಂದು ಕಡೆ, ಚುಕ್ಕೆ ಬೀಳದಂತೆ ಊದಿದರೆ ಚುಕ್ಕೆಗೆ ಜಾತಿ ಇರುವುದಿಲ್ಲ ಎಂದು ತಾನು ನಂಬಿದ್ದು ಅವನಿಗೆ ಆಗಲೇ ಗೊತ್ತಾದದ್ದು. ಎಲ್ಲರಿಗಿಂತ ಹೆಚ್ಚು ತಿರಸ್ಕಾರ ಅವನಿಗೆ ಆ ಗಳಿಗೆ ಹುಟ್ಟಿದ್ದು ತನ್ನೊಳಗಿನ ಆ ನಂಬಿದವನ ಮೇಲೆ.

“ಅಂದ್ರ ನಾ ಯಾರಂತ ನಿಮಗ ಗೊತ್ತಿತ್ತೇನ್ರಿ?”

“ಮೊದಲ್ನೇ ದಿನದಿಂದ ಗೊತ್ತದ.”

ಅರ್ಧ ಒರೆಸಿದ ಬಸೂನನ್ನು ಎತ್ತಿಕೊಂಡು ಅವನು ಎದ್ದು ಹೋದ.

ನಾಯಬನ ಹುದ್ದೆ ಖಾಲಿ ಉಳಿಯಿತು. ವಿಚಿತ್ರವೆಂದರೆ ಅದಕ್ಕೊಂದು ಕುರ್ಚಿ ಮಾತ್ರ ಹಾಕಿದರು. ಬ್ಯಾಂಡು ಅಭ್ಯಾಸಕ್ಕೆ ಕೂತಾಗ ಆ ಖಾಲಿ ಕುರ್ಚಿಗೆ ಮಲ್ಕಪ್ಪ ದಿನಾಲು ಬಾಗಿ ಸಲಾಮು ಹೊಡೆದು, “ಅವ್ವಲ್ ಸಾಹೇಬ್ರ, ಆರಾಮಿದ್ದೀರಾ?” ಎಂದು ಕೇಳುತ್ತಿದ್ದ. ಉಳಿದವರು ನಗುತ್ತಿದ್ದರು, ಸುದ್ದಿ ಮೇಲೆ ಹೋಗುತ್ತಿತ್ತು.

ನವೆಂಬರಿನಲ್ಲಿ ಹೈದರಾಬಾದಿನಿಂದ ಒಬ್ಬ ಗೋರಾ ಸಾಹೇಬ, ಅವನ ಮೇಮು, ಜೊತೆಗೆ ನಾಲ್ಕಾರು ದೊಡ್ಡವರು ಶಿಕಾರಿಗೆಂದು ಬಂದರು. ಮಧ್ಯಾಹ್ನದ ಚಹದ ಹೊತ್ತಿಗೆ ಪ್ಯಾರಿಸ್ಸಿನ ಚೀಜು ಕೇಳಿಸುತ್ತೇನೆಂದು ಛೋಟೆ ಸಾಹೇಬ ಮಾತು ಕೊಟ್ಟಿದ್ದ. ಅಂಗಳದ ತುಂಬ ಜಮಖಾನ, ಜಗುಲಿಯ ಮೇಲೆ ಚೀನಿ ಬಟ್ಟಲು. ಚಿಕ್ಕಿನ ಆಚೆ ಕಸ್ತೂರಿಬಾಯಿ ಸಜ್ಜಾಗಿ ಕೂತಿದ್ದಳು. ಮಲ್ಕಪ್ಪ ಬಸೂನು ಹಿಡಿದು ಬಂದು ನಿಂತ, ಊದಲಿಲ್ಲ.

“ಹುಜೂರ್, ಇಷ್ಟು ದೊಡ್ಡವ್ರು ಬಂದಾರ. ಇವ್ರ ಮುಂದ ಎರಡ್ನೇ ನಂಬರಿನಾವ ಊದಿದ್ರ ನಿಮ್ಮ ಮಾನ ಏನುಳೀತದ್ರಿ? ಅವ್ವಲ್ ಬಂದಾವ್ನ ಕರಸ್ರಿ. ಕುರ್ಚಿನೂ ಅದ ಅವಂದು.”

ಛೋಟೆ ಸಾಹೇಬನ ಮುಖ ಕೆಂಪಾಯಿತು. ಅತಿಥಿಗಳಿಗೆ ಕನ್ನಡ ಬಾರದು. ಅವರು ಚಹ ಕುಡಿಯುತ್ತ ಮುಗುಳ್ನಗುತ್ತಿದ್ದರು. “ಊದು,” ಎಂದ ಹಲ್ಲು ಕಚ್ಚಿ.

“ಲಾಯಕ್ಕ ಇಲ್ಲರಿ.”

“ಊದದಿದ್ದರೆ ಈ ಗಳಿಗೆ ಕೋಟು ಬಿಚ್ಚಿಟ್ಟು ಹೊರಡು.”

ಗೌಸಮೊಹಿದ್ದೀನ ನಡುವೆ ಬಂದು, “ಮಿಯಾ, ನನ್ನ ಸಲುವಾಗಿ,” ಎಂದು ಮೆಲ್ಲಗೆ ಅಂದ. ಮಲ್ಕಪ್ಪ ಮಾಸ್ತರನ ಮುಖ ಒಂದು ಸಲ ನೋಡಿದ. ಆ ಮುದುಕನೊಬ್ಬನ ಸಲುವಾಗಿ ಅವನು ಊದಿಬಿಡುತ್ತಿದ್ದನೋ ಏನೋ. ಆದರೆ ಮಾಸ್ತರನ ಭುಜದಾಚೆ ಚಂದ್ರಾಮಪ್ಪ ಸಾಹುಕಾರ ಬಿಸ್ಕೀಟು ಕಡಿಯುತ್ತ ಕೂತಿದ್ದು ಕಣ್ಣಿಗೆ ಬಿತ್ತು.

ಕೋಟು ಬಿಚ್ಚಿ ಖಾಲಿ ಕುರ್ಚಿಯ ಬೆನ್ನಿಗೆ ತೊಡಿಸಿದ. ಬಸೂನನ್ನು ಅದರ ಮಡಿಲಲ್ಲಿ ಒರಗಿಸಿದ. ಆಮೇಲೆ ಬಾಗಿದ ಕೊಳವೆಯ ತುದಿಯಿಂದ ನಾಲಿಗೆಯನ್ನು ಕಿತ್ತುಕೊಂಡ.

“ಇದು ನಂದು. ಹೊಳಿ ದಂಡಿ ಕಡ್ಡಿ, ನನ್ನ ಚಾಕು, ನನ್ನ ಉಗುಳು. ಉಳದದ್ದೆಲ್ಲಾ ನಿಮ್ದು,” ಎಂದು ಹೇಳಿ ಮೆಟ್ಟಿಲಿಳಿದ.

ಅತಿಥಿಗಳ ಮಾತು, ಬಟ್ಟಲುಗಳ ಸದ್ದಿನ ನಡುವೆ ಪರದೆಯ ಆಚೆ ಇದೇನೂ ಸರಿಯಾಗಿ ಕೇಳಿಸಿರಲಿಲ್ಲ. ಮೌನವಾದದ್ದನ್ನೇ ಸನ್ನೆಯೆಂದು ತಿಳಿದು ಕಸ್ತೂರಿಬಾಯಿ ಪಿಯಾನೊ ಸುರು ಮಾಡಿದಳು. ಎಂಟು ಎಣಿಕೆ ಮುಗಿಯಿತು. ಬಸೂನು ಬರಲಿಲ್ಲ. ಮತ್ತೆ ಮೊದಲಿನಿಂದ ನುಡಿಸಿದಳು. ಮತ್ತೂ ಬರಲಿಲ್ಲ. ಮೂರನೆಯ ಸಲ ಅವಳಿಗೆ ತಿಳಿಯಿತು. ತಿಳಿದೂ ಅವಳು ನಿಲ್ಲಿಸಲಿಲ್ಲ. ತನ್ನ ಪಾಲಿನದನ್ನು ಮಾತ್ರ, ಒಂದಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ಕೊನೆಯ ತನಕ ನುಡಿಸಿಬಿಟ್ಟಳು. ಜೊತೆ ಕೊಡುವ ಸ್ವರಗಳಷ್ಟೇ, ನಡುವೆ ಇರಬೇಕಾದ ರಾಗವೇ ಇಲ್ಲ. ಡುಂ ಡುಂ ಎಂದು ಏನೋ ಕುಟ್ಟಿದ ಹಾಗೆ. ಒಬ್ಬನೇ ಊದುವ ಜಾಗ ಬಂದಾಗ ಕೈ ಮಡಿಚಿ ಕೂತಳು. ಅಂಗಳದಲ್ಲಿ ಒಂದು ನಿಮಿಷ ಏನೂ ಇಲ್ಲ. ಗುಬ್ಬಿಗಳು ಮಾತ್ರ ಚಿಲಿಗುಟ್ಟಿದವು. ಆಮೇಲೆ ಮತ್ತೆ ಡುಂ ಡುಂ.

ಮುಗಿದಾಗ ಮೇಮು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಇಂಥ ಆಳವಾದ ಸಂಗೀತವನ್ನು ತಾನು ವಿಲಾಯತಿಯಲ್ಲೂ ಕೇಳಿಲ್ಲವೆಂದಳಂತೆ. ಆ ನಡುವಿನ ಮೌನವಂತೂ ಬಹಳ ಪ್ಯಾರಿಸ್ಸಿನ ಹಾಗಿತ್ತಂತೆ. ಛೋಟೆ ಸಾಹೇಬ ಎದೆಯ ಮೇಲೆ ಕೈಯಿಟ್ಟು ಬಾಗಿದ. ಚಂದ್ರಾಮಪ್ಪನೂ ಬಟ್ಟಲು ಕೆಳಗಿಟ್ಟು ತಟ್ಟಿದ.

ಮಲ್ಕಪ್ಪ ಇದನ್ನೆಲ್ಲ ಅಗಸಿ ಬಾಗಿಲಿನ ಹೊರಗೆ ಬೇವಿನ ಕೆಳಗೆ ನಿಂತು ಕೇಳಿದ. ನಗಬೇಕೆಂದು ನಿಂತಿದ್ದ. ಆದರೆ ಪಿಯಾನೊ ನಡೆಯುತ್ತಿದ್ದಷ್ಟು ಹೊತ್ತೂ ಅವನ ಬೆರಳುಗಳು ಧೋತರದ ಅಂಚಿನ ಮೇಲೆ ಇಲ್ಲದ ಕೀಲಿಗಳನ್ನು ಒತ್ತುತ್ತಲೇ ಇದ್ದವು. ಅವನ್ನು ನೋಡಿ, ಥೂ ಎಂದು ಉಗುಳಿ, ಆಳಂದದ ದಾರಿ ಹಿಡಿದ.

ಮಟಕಿ ತಲುಪಿದ್ದು ಮೂರನೆಯ ದಿನ. ಪೀರಪ್ಪ ಎಲ್ಲ ಕೇಳಿ ಮೀಸೆ ನೇವರಿಸಿದ. “ಅಲ್ಲೋ, ಒಬ್ಬಾವ ಓಡಿ ಎರಡ್ನೇದಾವ ಆದಿ. ನಮ್ಮ ವಂಶದಾಗ ಇಂಥಾ ಪರಾಕ್ರಮ ಯಾರೂ ಮಾಡಿದ್ದಿಲ್ಲ ನೋಡು.” ಅಂದಿನಿಂದ ಕೇರಿಯಲ್ಲಿ ಅವನ ಹೆಸರು ದೋಯಮ್ ಮಲ್ಕಪ್ಪ ಎಂದೇ ಆಯಿತು. ಅವನಿಗೆ ಅದರಲ್ಲಿ ಸಿಟ್ಟಿರಲಿಲ್ಲ. ಯಾರಾದರೂ ಕೇಳಿದರೆ ತಾನೇ ಮೊದಲಿನಿಂದ ಕಥೆ ಹೇಳುತ್ತಿದ್ದ. ಹಕೀಮರ ಗೊರಕೆಯನ್ನೂ ಊದಿ ತೋರಿಸುತ್ತಿದ್ದ. ಭಾಗಮ್ಮನನ್ನು ಮದುವೆಯಾದ. ಸನಾಯಿ ಹಿಡಿದು ಮತ್ತೆ ಅದೇ ಚಪ್ಪರಗಳ ಹೊರಗೆ ನಿಂತ. “ಯಾಕ ನಿಂದ್ರತಿ, ಬಿಟ್ಟುಬಿಡು,” ಎಂದು ಭಾಗಮ್ಮ ಅಂದರೆ, “ಒಳಗಿನವರಿಗಿಂತ ಹೊರಗ ಗಾಳಿ ಛಲೋ ಬೀಸ್ತದ” ಎನ್ನುತ್ತಿದ್ದ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ನಲವತ್ತೆರಡರ ಬೇಸಿಗೆಯಲ್ಲಿ ಕೇರಿಗೆ ಒಬ್ಬ ಹೆಂಗಸು ಬಂದಳು. ಗಿಡ್ಡ, ದಪ್ಪ ಗಾಜಿನ ಕನ್ನಡಕ, ಗಲ್ಲದ ಮೇಲೆ ಮೈಲಿ ಬೇನೆಯ ಕಲೆ, ಬಗಲಲ್ಲಿ ಒಂದು ಕರಿಹಲಗೆ. ಮಲ್ಕಪ್ಪ ಅಂಗಳದಲ್ಲಿ ಕೂತು ಕಡ್ಡಿ ಹೆರೆಯುತ್ತಿದ್ದ. “ಮಲ್ಕಪ್ಪನವರ ಮನಿ ಇದ ಏನ್ರಿ?” ಎಂದು ಅವಳು ಕೇಳಿದ್ದೇ ತಡ, ತಲೆಯೆತ್ತದೆಯೇ ಗುರುತು ಹಿಡಿದ. ಆಮೇಲೆ ತಲೆಯೆತ್ತಿದ.

“ದನಿ ಕೇಳಿ ಎತ್ತರ ಅದೀರಿ ಅನ್ಕೊಂಡಿದ್ದೆ.”

“ನಾನೂ ನಿಮ್ಮ ಮುಖ ನಗಮುಖ ಇರ್ತದ ಅನ್ಕೊಂಡಿದ್ದೆ,” ಎಂದಳು ಕಸ್ತೂರಿಬಾಯಿ.

ಹವೇಲಿ ಬಿಟ್ಟು ಬಂದಿದ್ದಳು. ಅಲ್ಲಿಯ ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು, ಬ್ಯಾಂಡು ಚದುರಿಹೋಗಿತ್ತು, ಗೌಸಮೊಹಿದ್ದೀನ ಸಿಕಂದರಾಬಾದಿಗೆ ಮರಳಿದ್ದ. ಜೇವರ್ಗಿಯ ಮನೆಯವರು ಮನೆಗೆ ಬಂದು ಇರೆಂದರೂ ಅವಳು ಒಪ್ಪಿರಲಿಲ್ಲ. ಈ ಕೇರಿಯ ಹುಡುಗಿಯರಿಗೆ ಅಕ್ಷರ ಕಲಿಸುತ್ತೇನೆ, ಒಂದು ಜಾಗ ತೋರಿಸಿ ಎಂದಳು.

ಮಲ್ಕಪ್ಪ ತುಟಿಯ ಮೂಲೆಯಿಂದ ನಕ್ಕ. “ಅಕ್ಕಾವ್ರ, ದೊಡ್ಡೋರಿಗಿ ಆಗಾಗ ಹಿಂಗ ಆಗ್ತದ. ನಮ್ಮ ಮ್ಯಾಲ ಪ್ರೀತಿ ಉಕ್ಕಿ ಬರ್ತದ. ಮೂರು ತಿಂಗಳು ಇರ್ತೀರಿ. ಮಳಿ ಸುರು ಆತಂದ್ರ, ಈ ಕೆಸರು, ಈ ವಾಸನಿ, ಸೊಲ್ಲಾಪುರದ ಗಾಡಿ ಹತ್ತೀರಿ.”

“ಹತ್ತಿದ್ರ ಆಗ ನಗ್ರಿ. ಈಗ ಜಾಗ ತೋರಸ್ರಿ.”

ಬಾರಿಸುವ ಹಲಗಿ ಇಡುತ್ತಿದ್ದ ಹಳೆಯ ಗುಡಿಸಲು ತೋರಿಸಿದ. ಮೂರು ತಿಂಗಳಾಯಿತು. ಮಳೆ ಬಂತು. ಮಾಡು ಸೋರಿತು. ಏಳು ಹುಡುಗಿಯರನ್ನು ಒಣ ಮೂಲೆಯಲ್ಲಿ ಗುಂಪು ಹಾಕಿಕೊಂಡು ಕಸ್ತೂರಿಬಾಯಿ ತಾನು ಸೋರುವ ಕಡೆ ನಿಂತು ಪಾಠ ಹೇಳಿದಳು. ಮರುದಿನ ಮುಂಜಾನೆ ಮಲ್ಕಪ್ಪ ಒಂದು ಹೊರೆ ಹುಲ್ಲು ತಂದು ಮಾಡು ಹತ್ತಿದ. “ಇವ್ರೇನು ಉಳಿಯೋರಲ್ಲ,” ಎಂದು ಕೆಳಗಿದ್ದ ಭಾಗಮ್ಮನಿಗೆ ಕೇಳುವಂತೆ ಹೇಳುತ್ತಲೇ ಹೊದಿಸಿದ. “ನಾಳಿ ಖಾಲಿ ಆದ್ರ ದನಾ ಕಟ್ಟಾಕರ ಬರ್ತದಂತ ಮಾಡಾಕತ್ತೇನಿ.” ಮುಂದಿನ ವರ್ಷವೂ ಹೊದಿಸಿದ. ಅದರ ಮುಂದಿನ ವರ್ಷವೂ. ಪ್ರತಿ ಸಲ ಅದೇ ಮಾತು. ಅವನ ಮಗಳು ಅಮೃತ ಆ ಮಾಡಿನ ಕೆಳಗೇ ಕೂತು ಕಾಗುಣಿತ ಬರೆಯುವ ವಯಸ್ಸಿಗೆ ಬಂದಳು.

ನಲವತ್ತೆಂಟರಲ್ಲಿ ರಜಾಕಾರರ ಗಲಾಟೆ ಜೋರಾದಾಗ ಊರಿನ ಅನುಕೂಲಸ್ಥರೆಲ್ಲ ಗಾಡಿ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಗಡಿ ದಾಟಿದರು. ಕಸ್ತೂರಿಬಾಯಿಗೂ ಜೇವರ್ಗಿಯಿಂದ ಗಾಡಿ ಬಂತು. ಮಲ್ಕಪ್ಪ ಗುಡಿಸಲಿನ ಬಾಗಿಲಲ್ಲಿ ನಿಂತು, “ಈಗರ ಹೋಗ್ರಿ ಅಕ್ಕಾವ್ರ. ಈಗ ಹೋದ್ರ ನಾ ನಗಂಗಿಲ್ಲ,” ಎಂದ.

“ನೀವು ಹೊಂಟೀರೇನು?”

“ನಮ್ಮನ್ನ ಯಾರು ಲೂಟಿ ಮಾಡ್ತಾರ್ರಿ? ಏನದ ಇಲ್ಲಿ?”

“ನನ್ನ ಹತ್ರಾನೂ ಒಂದು ಕರಿಹಲಗಿ ಅದ, ಅಷ್ಟ.” ಗಾಡಿಯವನಿಗೆ ಒಂದು ತಂಬಿಗೆ ನೀರು ಕೊಟ್ಟು, ಬರಿಗಾಡಿಯನ್ನು ತಿರುಗಿ ಕಳಿಸಿದಳು.

ಗಾಡಿ ಕಡಗಂಚಿಯ ದಾರಿ ಹಿಡಿದು ಮರೆಯಾಗುವ ತನಕ ಮಲ್ಕಪ್ಪ ನೋಡುತ್ತ ನಿಂತ. “ಶಾಣ್ಯಾ ಮಂದೀ ಗಾಡಿ ಹತ್ತಿ ಹೋತು,” ಎಂದು ಕೊನೆಗೆ ಭಾಗಮ್ಮನ ಹತ್ತಿರ ಗೊಣಗಿದ. “ಕೇರಿಗೆಲ್ಲಾ ಹುಚ್ಚಿ ಒಬ್ಬಾಕಿ ಉಳದಾಳ. ಬುಟ್ಟಿ ತೊಳಿ ಬೇ, ಆಕೀಗಿ ನಾಲ್ಕು ರೊಟ್ಟಿ ಕೊಟ್ಟು ಬರ್ತೇನಿ.”